ಕರಾವಳಿಗೆ ಕೆಂಪು, ಮಂಡ್ಯಕ್ಕೆ ಬರೀ ಮೋಡ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಬಂದ ಪತ್ರಗಳು ಹೆಚ್ಚಾಗಿ ಮೈಸೂರು, ಮಂಡ್ಯ ಕಡೆಯವು. ಕೇಳಿರುವುದು ಮಾತ್ರ ಉತ್ತರ ಕನ್ನಡದ ಕಡಲತೀರ, ಘಟ್ಟ ಮತ್ತು ಕೊಡಗಿನ ಮಳೆಯ ಬಗ್ಗೆ. ಮಗಳನ್ನು ಶಿರಸಿಗೆ ಕೊಟ್ಟವರು, ಗೋವಾಕ್ಕೆ ಎಳನೀರು ಕಳಿಸುವವರು, ಕನ್ನಂಬಾಡಿಯ ಮಟ್ಟ ನೋಡಿಕೊಂಡು ನಾಟಿಗೆ ಇಳಿಯುವವರು, ಎಲ್ಲರಿಗೂ ಪಡುವಣದ ಮಳೆಯದೇ ಚಿಂತೆ.

ಪ್ರ: ‘ದಕ್ಷಿಣ ಒಳನಾಡಿನ ಒಂದೆರಡು ಕಡೆ ಭಾರಿ ಮಳೆ’ ಅಂತ ಟಿ.ವಿ.ಯಲ್ಲಿ ಹೇಳಿದರು. ಅದನ್ನು ನಂಬಿ ಕಬ್ಬಿಗೆ ಯೂರಿಯಾ ಹಾಕದೆ ನಿಲ್ಲಿಸಿದೆ. ಮೂರು ದಿನವಾದರೂ ಒಂದು ಹನಿ ಇಲ್ಲ. ಅವರ ಲೆಕ್ಕ ತಪ್ಪೋ, ನಮಗೆ ಕೇಳಿಸಿಕೊಳ್ಳೋಕೆ ಬರಲ್ಲವೋ?
(ರೈತರು, ಪಾಂಡವಪುರ ತಾಲ್ಲೂಕು)

ಉ: ಎರಡೂ ಅಲ್ಲ. ಆ ಮಾತು ನಿಮಗಾಗಿ ಹೇಳಿದ್ದೇ ಅಲ್ಲ. ಹವಾಮಾನ ಇಲಾಖೆ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಪಾಲು ಮಾಡಿಕೊಂಡಿದೆ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಮೂರೇ ಕರಾವಳಿ. ಕೊಡಗು, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ ನಮ್ಮ ಮಂಡ್ಯ, ಮೈಸೂರಿನ ಜೊತೆಗೇ ದಕ್ಷಿಣ ಒಳನಾಡಿನಲ್ಲಿವೆ. ಆಗುಂಬೆಯಲ್ಲಿ ಸುರಿದರೂ ‘ದಕ್ಷಿಣ ಒಳನಾಡಿನಲ್ಲಿ ಭಾರಿ ಮಳೆ’, ಭಾಗಮಂಡಲದಲ್ಲಿ ಸುರಿದರೂ ಅದೇ ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ಈ ವಾಕ್ಯ ಕೇಳಿದರೆ ಅದು ಘಟ್ಟದ ಅಂಚಿನ ಜಿಲ್ಲೆಗಳ ಸುದ್ದಿ ಅಂತಲೇ ತಿಳಿಯಿರಿ.

ಇನ್ನು ‘ಒಂದೆರಡು ಕಡೆ’ ಅನ್ನುವುದಕ್ಕೂ ಲೆಕ್ಕವಿದೆ. ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರೊಳಗೆ ಮಳೆಯಾಗುವುದಾದರೆ ‘ಒಂದೆರಡು ಕಡೆ’, 26ರಿಂದ 50 ಆದರೆ ‘ಕೆಲವು ಕಡೆ’, 51ರಿಂದ 75 ‘ಹಲವು ಕಡೆ’, ಅದಕ್ಕೂ ಮೇಲೆ ‘ಬಹುತೇಕ ಕಡೆ’. ಸುದ್ದಿ ಓದುವವರು ಈ ನಾಲ್ಕನ್ನೂ ಕಲಸಿ ‘ರಾಜ್ಯದಲ್ಲಿ ಭಾರಿ ಮಳೆ’ ಮಾಡಿಬಿಡುತ್ತಾರೆ. ‘ಭಾರಿ’ಗೂ ಅಳತೆಯಿದೆ. ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ 15.6ರಿಂದ 64.4 ಮಿ.ಮೀ. ಬಿದ್ದರೆ ಸಾಧಾರಣ ಮಳೆ, 64.5ರಿಂದ 115.5 ಭಾರಿ, 115.6ರಿಂದ 204.4 ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ. ಒಂದು ಮಿಲಿಮೀಟರ್ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ನಿಮ್ಮ ಒಂದು ಎಕರೆಗೆ 10 ಮಿ.ಮೀ. ಬಿದ್ದರೆ 40 ಸಾವಿರ ಲೀಟರ್ ನೀರು ಬಂದ ಹಾಗೆ.

ಯೂರಿಯಾ ಕೊಡಲು 15 ಮಿ.ಮೀ.ವರೆಗಿನ ಹಗುರ ಮಳೆ ಒಳ್ಳೆಯದೇ. ಮಂಡ್ಯ ಜಿಲ್ಲೆಯ ಹೆಸರು ಹಿಡಿದು ಭಾರಿ ಮಳೆ ಎಂದಿದ್ದರೆ ಮಾತ್ರ ನಿಲ್ಲಿಸಿ. ಮಂಗಳವಾರ, ಶುಕ್ರವಾರ ಹೊರಡುವ ಕೃಷಿ ಹವಾಮಾನ ಸಲಹೆ ನೋಡಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳಿವೆ. ಪಕ್ಕದ ಪಂಚಾಯಿತಿಯಲ್ಲಿ ನಿನ್ನೆ ಎಷ್ಟು ಬಿತ್ತು ಅನ್ನುವುದು ಅಲ್ಲಿ ಸಿಗುತ್ತದೆ.

ಪ್ರ: ಜುಲೈ ಕೊನೆಯ ವಾರ ಸಂಸಾರ ಸಮೇತ ಗೋಕರ್ಣ, ಯಾಣ, ಶಿರಸಿಗೆ ಹೊರಟಿದ್ದೇವೆ. ಫೋನಿನಲ್ಲಿ ಉತ್ತರ ಕನ್ನಡಕ್ಕೆ ಕಿತ್ತಳೆ ಬಣ್ಣ ತೋರಿಸುತ್ತಿದೆ. ಹೋಗಬಹುದಾ?
(ಗೃಹಿಣಿ, ಸರಸ್ವತಿಪುರಂ, ಮೈಸೂರು)

ಉ: ಮೊದಲು ಬಣ್ಣದ ಮಾತು. ಹಸಿರು ಅಂದರೆ ಎಚ್ಚರಿಕೆ ಏನೂ ಇಲ್ಲ. ಹಳದಿ ಬಂದರೆ ಸುದ್ದಿಯ ಮೇಲೆ ಕಣ್ಣಿಟ್ಟಿರಿ, ಕಿತ್ತಳೆ ಬಂದರೆ ಸಜ್ಜಾಗಿರಿ. ಕೆಂಪು ಬಂದಾಗ ಯೋಚಿಸುತ್ತ ಕೂರುವ ಹಾಗಿಲ್ಲ, ಕೆಲಸಕ್ಕೆ ಇಳಿಯಬೇಕು. ಮಳೆಗಾಲದಲ್ಲಿ ಈ ಜಿಲ್ಲೆಗೆ ಕಿತ್ತಳೆ ಸಾಮಾನ್ಯವಾಗಿ ಅತಿ ಭಾರಿ ಮಳೆಗೆ, ಕೆಂಪು ಅತ್ಯಂತ ಭಾರಿ ಮಳೆಗೆ ಬರುತ್ತದೆ. ಕಾರವಾರದಲ್ಲಿ ಜುಲೈ ಒಂದೇ ತಿಂಗಳಿಗೆ ಸಾವಿರ ಮಿ.ಮೀ. ಆಸುಪಾಸು ಬೀಳುತ್ತದೆ. ಮೈಸೂರಿಗೆ ಇಡೀ ವರ್ಷಕ್ಕೆ ಬೀಳುವುದು ಸುಮಾರು 800. ಅಲ್ಲಿಯವರು ಹಳದಿ ನೋಡಿ ಛತ್ರಿ ಹಿಡಿದು ಗದ್ದೆಗೆ ಹೋಗುತ್ತಾರೆ. ನೀವು ಅವರನ್ನು ನೋಡಿ ಧೈರ್ಯ ಮಾಡಬೇಡಿ, ಅವರಿಗೆ ಹಳ್ಳ ಯಾವುದು, ಜಾರು ದಾರಿ ಯಾವುದು ಗೊತ್ತು.

ಜಿಲ್ಲೆ ಒಂದೇ ಆದರೂ ಮಳೆ ಮೂರು ಥರ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಕಡಲ ಪಟ್ಟಿ. ಇಲ್ಲಿ ರಪರಪನೆ ಸುರಿದು, ಒಂದು ಗಂಟೆ ಬಿಟ್ಟು, ಮತ್ತೆ ಸುರಿಯುತ್ತದೆ. ಸಿದ್ದಾಪುರ, ಶಿರಸಿ, ಯಲ್ಲಾಪುರ, ಜೋಯಿಡಾ ಘಟ್ಟದ ಮೇಲಿನವು. ಇಲ್ಲಿ ಬಿಡುವಿಲ್ಲದೆ ಹೊಯ್ಯುತ್ತದೆ, ಜೊತೆಗೆ ಮಂಜು. ಮೂರನೆಯದು ಹಳಿಯಾಳ, ಮುಂಡಗೋಡದ ಅರೆಮಲೆನಾಡು. ಅಲ್ಲಿ ಮಳೆ ಕರಾವಳಿಯ ಅರ್ಧವೂ ಇಲ್ಲ. ಎಚ್ಚರಿಕೆಯ ನಕ್ಷೆಯಲ್ಲಿ ಮೂರಕ್ಕೂ ಒಂದೇ ಬಣ್ಣ ಬಳಿದಿರುತ್ತದೆ. ಮಂಡ್ಯಕ್ಕೂ ಆಗುಂಬೆಗೂ ಒಂದೇ ಹೆಸರು ಅಂಟಿದ ಕಥೆಯೇ ಇದು.

ಹೊರಡುವ ಐದು ದಿನ ಮೊದಲು ಜಿಲ್ಲಾವಾರು ಎಚ್ಚರಿಕೆ ನೋಡಲು ಶುರು ಮಾಡಿ. ನಾಲ್ಕನೇ, ಐದನೇ ದಿನದ ಬಣ್ಣ ಬದಲಾಗುತ್ತಲೇ ಇರುತ್ತದೆ, ಅದನ್ನು ನೋಡಿ ಬುಕಿಂಗ್ ರದ್ದು ಮಾಡಬೇಡಿ. ಹಿಂದಿನ ದಿನ ಮಧ್ಯಾಹ್ನದ ಪ್ರಕಟಣೆಯೇ ನಿರ್ಧಾರಕ್ಕೆ ಆಧಾರ. ಅದರ ಜೊತೆಗೆ ಕಳೆದ ಮೂರು ದಿನ ಅಲ್ಲಿ ಬಿದ್ದ ಮಳೆಯನ್ನೂ ಕೂಡಿಸಿ. ಬಹಳ ಜನ ಇದನ್ನೇ ಬಿಡುತ್ತಾರೆ. ಒಣಗಿದ ಗುಡ್ಡದ ಮೇಲೆ ಬಿದ್ದ 120 ಮಿ.ಮೀ. ಬೇರೆ, ಮೂರು ದಿನ ನೆಂದ ಗುಡ್ಡದ ಮೇಲೆ ಬಿದ್ದ 120 ಬೇರೆ. ನೀರು ಕುಡಿದ ಮಣ್ಣು ತೂಕವೂ ಹೆಚ್ಚು, ಹಿಡಿತವೂ ಕಡಿಮೆ. ಅದರ ಬುಡವನ್ನು ರಸ್ತೆಗೆಂದು ನೆಟ್ಟಗೆ ಕಡಿದಿದ್ದರೆ ಕೇಳುವುದೇ ಬೇಡ.

ಜುಲೈಯಲ್ಲಿ ಸಮುದ್ರಕ್ಕಿಳಿಯುವ ಮಾತು ಬೇಡವೇ ಬೇಡ. ಬಿಸಿಲು ಬಂದಿದ್ದರೂ ದೂರದ ಕಡಲಲ್ಲಿ ಎದ್ದ ಅಲೆ ದಡಕ್ಕೆ ಬರುತ್ತಲೇ ಇರುತ್ತದೆ. ದಡದಲ್ಲಿ ಅಲೆ ಒಡೆಯದೆ ನೀರು ಶಾಂತವಾಗಿ, ಕೆಸರು ಬಣ್ಣದಲ್ಲಿ ಕಡಲೊಳಕ್ಕೆ ಸರಿಯುತ್ತಿರುವ ಪಟ್ಟಿ ಕಂಡರೆ ಅದೇ ಎಳೆಯುವ ಸೆಳೆತ. ಮಕ್ಕಳು ‘ಇಲ್ಲಿ ಅಲೆ ಇಲ್ಲ’ ಅಂತ ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಕೊಂಡವರು ದಡದ ಕಡೆಗೆ ಈಜಿ ದಣಿಯುವ ಬದಲು ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿ, ಸೆಳೆತ ತಪ್ಪಿದ ಮೇಲೆ ದಡದತ್ತ ತಿರುಗಬೇಕು. ಯಾಣಕ್ಕೆ ಕಿತ್ತಳೆಯ ದಿನ ಹೋಗಬೇಡಿ, ದಾರಿಯಲ್ಲಿ ಹಳ್ಳ ಏರಿದರೆ ಆ ಕಡೆಯೇ ಉಳಿಯಬೇಕಾಗುತ್ತದೆ. ಶಿರಸಿ ಪೇಟೆಯಲ್ಲಿ ಮಾರಿಕಾಂಬೆಯ ದರ್ಶನ ಮಾಡಿಕೊಂಡು ಇರುವುದಕ್ಕೆ ಕಿತ್ತಳೆ ಅಡ್ಡಿಯಿಲ್ಲ.

ಪ್ರ: ಮದ್ದೂರಿನಿಂದ ಎಳನೀರಿನ ಲಾರಿ ಗೋವಾಕ್ಕೆ ಕಳಿಸುತ್ತೇವೆ. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾರಿ. ಡ್ರೈವರ್ ‘ರಾತ್ರಿ ಖಾಲಿ ರೋಡು, ಹೋಗಿಬಿಡ್ತೀನಿ ಬುದ್ಧಿ’ ಅಂತಾನೆ. ಮಳೆ ದಿನ ಬಿಡಬಹುದಾ?
(ಎಳನೀರು ವ್ಯಾಪಾರಿ, ಮದ್ದೂರು)

ಉ: ಹಳದಿಯ ದಿನ ಹಗಲು ಬಿಡಿ. ಕಿತ್ತಳೆ, ಕೆಂಪಿನ ದಿನ ರಾತ್ರಿ ಘಟ್ಟ ಇಳಿಸಬೇಡಿ. ಹುಬ್ಬಳ್ಳಿಯೇ ನಿರ್ಧಾರದ ಜಾಗ. ಅಲ್ಲಿ ಲಾರಿ ನಿಲ್ಲಿಸಿ, ಮುಂದಿನ ಮೂರು ಗಂಟೆಗೆಂದು ಇಲಾಖೆ ಕೊಡುವ ಸೂಚನೆ ನೋಡಲು ಹೇಳಿ. ಪಣಜಿಯ ರೇಡಾರ್‌ಗೆ ಕಾರವಾರ, ಅಂಕೋಲಾ ಹತ್ತಿರವೇ, ಹಾಗಾಗಿ ಆ ಭಾಗದ ಮೂರು ಗಂಟೆಯ ಸೂಚನೆ ನಂಬಿಕೆಗೆ ಅರ್ಹ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯಲು ಶುರು ಮಾಡಿದ ಮೇಲೆ ಲಾರಿ ತಿರುಗಿಸಲು ಜಾಗ ಹುಡುಕಬೇಕು.

ಘಟ್ಟ ಇಳಿದರೆ ಮುಗಿಯಿತು ಅನ್ನುವ ಲೆಕ್ಕವೂ ಸರಿಯಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಘಟ್ಟದಲ್ಲಲ್ಲ, ಸಮತಟ್ಟಾದ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ. ಒಂದು ಕಡೆ ಕಡಿದ ಗುಡ್ಡ, ಇನ್ನೊಂದು ಕಡೆ ಗಂಗಾವಳಿ ನದಿ. ರಸ್ತೆ ಬದಿಯ ಹೋಟೆಲು, ಅಲ್ಲಿ ನಿಂತಿದ್ದ ಲಾರಿಗಳು ಮಣ್ಣಿನ ಜೊತೆ ಹೋದವು. ಹಾಗಾಗಿ ಚಹಾಕ್ಕೆ, ನಿದ್ದೆಗೆ ಕಡಿದ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಬಾರದು. ಗುಡ್ಡದಿಂದ ಒಸರುತ್ತಿದ್ದ ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಸಣ್ಣ ಕಲ್ಲು ಉದುರುತ್ತಿದ್ದರೆ, ಕರೆಂಟ್ ಕಂಬ ವಾಲಿದ್ದರೆ ಅಲ್ಲಿಂದ ಹೊರಡಬೇಕು, ಫೋಟೊ ತೆಗೆಯುತ್ತ ನಿಲ್ಲಬಾರದು. ಗೊನೆಯಲ್ಲಿರುವ ಎಳನೀರು ಒಂದು ದಿನ ತಡವಾದರೆ ಕೆಡುವ ಸರಕಲ್ಲ. ನಿಂತ ಗಾಡಿಯಲ್ಲಿ ಟಾರ್ಪಾಲನ್ನು ಪೂರ್ತಿ ಬಿಗಿದರೆ ಕಾವು ಏರುತ್ತದೆ, ಹಿಂಬದಿ ಸ್ವಲ್ಪ ಗಾಳಿ ಆಡಲು ಬಿಡಿಸಿ.

ಪ್ರ: ಕಾರವಾರ, ಶಿರಸಿ ಕಡೆ ಕೆಂಪು ಎಚ್ಚರಿಕೆ ಬಂದರೆ ಕೆಆರ್‌ಎಸ್‌ಗೆ ನೀರು ಬರುತ್ತಾ? ಎಷ್ಟು ದಿನಕ್ಕೆ?
(ಭತ್ತದ ಬೆಳೆಗಾರರು, ಶ್ರೀರಂಗಪಟ್ಟಣ)

ಉ: ಒಂದು ತೊಟ್ಟೂ ಬರುವುದಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಪಡುವಣಕ್ಕೆ ಹರಿದು ಅರಬ್ಬಿ ಸಮುದ್ರ ಸೇರುತ್ತವೆ. ನಿಮಗೆ ಬೇಕಾದದ್ದು ಕೊಡಗಿನ ಮಳೆ, ಹೇಮಾವತಿಗಾದರೆ ಮೂಡಿಗೆರೆ, ಸಕಲೇಶಪುರದ ಮಳೆ. ಕಬಿನಿ ತುಂಬುವುದು ಕೇರಳದ ವಯನಾಡಿನಿಂದ. ಕರಾವಳಿ ಉದ್ದಕ್ಕೂ ಕಡಲ ಮೇಲೆ ವಾಯುಭಾರದ ತಗ್ಗು (ಗಾಳಿಯ ಒತ್ತಡ ಕಡಿಮೆಯಿರುವ ಪಟ್ಟಿ) ಗುಜರಾತಿನಿಂದ ಕೇರಳದವರೆಗೆ ಚಾಚಿದ್ದರೆ ಎರಡೂ ಕಡೆ ಸುರಿಯುತ್ತದೆ. ಅದು ಉತ್ತರಕ್ಕೆ ಮಾತ್ರ ಬಲವಾಗಿದ್ದರೆ ಕಾರವಾರದಲ್ಲಿ ನೆರೆ, ಭಾಗಮಂಡಲದಲ್ಲಿ ಬರೀ ಸೋನೆ. ಹಾಗಾಗಿ ಮುನ್ಸೂಚನೆಯಲ್ಲಿ ‘ಕೊಡಗು’ ಎಂಬ ಹೆಸರು ಹುಡುಕಿ.

ಭಾಗಮಂಡಲದ ಮಳೆ ಕನ್ನಂಬಾಡಿ ತಲುಪಲು ಒಂದರಿಂದ ಎರಡು ದಿನ ಹಿಡಿಯುತ್ತದೆ. ಜೂನ್ ಮೊದಲಲ್ಲಿ ಮಣ್ಣೇ ಕುಡಿದುಬಿಡುವುದರಿಂದ ಒಳಹರಿವು ನಿಧಾನ. ಹಾರಂಗಿ, ಹೇಮಾವತಿಯಲ್ಲಿ ಅಣೆಕಟ್ಟುಗಳಿವೆ. ಅವು ತುಂಬಿ ಬಾಗಿಲು ತೆಗೆಯುವವರೆಗೆ ಆ ನೀರು ನಿಮ್ಮದಲ್ಲ.

ಕ್ಯುಸೆಕ್‌ನಿಂದ ಟಿಎಂಸಿಗೆ ಬರುವುದು ಸುಲಭ. 11,574 ಕ್ಯುಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ. ಪತ್ರಿಕೆಯಲ್ಲಿ ‘ಒಳಹರಿವು 23 ಸಾವಿರ’ ಎಂದಿದ್ದರೆ ದಿನಕ್ಕೆ ಎರಡು ಟಿಎಂಸಿ ಅನ್ನಿ. ಅದರಲ್ಲಿ ನಾಲೆಗೆ, ನದಿಗೆ ಬಿಟ್ಟದ್ದನ್ನು ಕಳೆಯಿರಿ. ಅಣೆಕಟ್ಟೆಯ ಪೂರ್ಣ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ. ಆದರೆ ಅಡಿ ಅಡಿಗೂ ನೀರು ಒಂದೇ ಅಲ್ಲ. ಮೇಲಿನ ಅಡಿಗಳಲ್ಲಿ ಹರವು ದೊಡ್ಡದು, ಒಂದೊಂದು ಅಡಿಗೂ ಒಂದು ಟಿಎಂಸಿಗಿಂತ ಹೆಚ್ಚು ಬೇಕು. ತಳದ ಕಡೆ ಅಷ್ಟು ಬೇಡ. 80ರಿಂದ 90 ಅಡಿಗೆ ಬೇಗ ಏರಿ, 120 ದಾಟಿದ ಮೇಲೆ ತೆವಳುವುದು ಅದಕ್ಕೇ. ‘ನೀರು ಕದ್ದು ಬಿಡ್ತಿದಾರೆ’ ಅನ್ನುವ ಅನುಮಾನಕ್ಕೆ ಮೊದಲು ಈ ಲೆಕ್ಕ ಹಾಕಿ.

ಪ್ರ: ಫೋನ್ ‘ಮಳೆ ಶೇ 80’ ಅನ್ನುತ್ತೆ. ಅಂದರೆ ದಿನದ ಶೇ 80 ಹೊತ್ತು ಸುರಿಯುತ್ತಾ, ಊರಿನ ಶೇ 80 ಜಾಗಕ್ಕಾ?
(ವಿದ್ಯಾರ್ಥಿ, ಮೈಸೂರು)

ಉ: ಎರಡೂ ಅಲ್ಲ. ಆ ಜಾಗದಲ್ಲಿ, ಆ ಹೊತ್ತಿನಲ್ಲಿ ಲೆಕ್ಕಕ್ಕೆ ಸಿಗುವಷ್ಟು ಮಳೆ ಬೀಳುವ ಸಾಧ್ಯತೆ ಹತ್ತಕ್ಕೆ ಎಂಟು ಅಂತ. ನಾಲ್ಕು ಹನಿ ಬಿದ್ದರೂ ಅದು ಗೆದ್ದ ಹಾಗೆ. ಜುಲೈ ತಿಂಗಳ ಶಿರಸಿಗೆ ‘ಶೇ 95’ ಅಂತ ಹೇಳಲು ಫೋನೇ ಬೇಕಿಲ್ಲ. ಮುಖ್ಯವಾದದ್ದು ಎಷ್ಟು ಮಿಲಿಮೀಟರ್ ಅನ್ನುವುದು.

ಗಣಕ ಮಾದರಿಗಳು ನೆಲವನ್ನು ಚೌಕಗಳಾಗಿ ಹೆಣೆದು ಒಂದೊಂದು ಚೌಕಕ್ಕೆ ಒಂದು ಸರಾಸರಿ ಎತ್ತರ ಕೊಡುತ್ತವೆ. ಚೌಕ ದೊಡ್ಡದಾದಷ್ಟೂ ಘಟ್ಟದ ಗೋಡೆ ಸವೆದು ದಿಬ್ಬದಂತಾಗುತ್ತದೆ, ಗೋಡೆಯ ಮೇಲಿನ ಮಳೆ ಕಡಿಮೆಯಾಗಿಯೂ ಹಿಂದಿನ ಮಳೆನೆರಳಿನ ಮಳೆ ಹೆಚ್ಚಾಗಿಯೂ ಕಾಣುತ್ತದೆ. 2025ರ ಮೇನಲ್ಲಿ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಎಂಬ ನಮ್ಮ ದೇಶದ ಮಾದರಿಯ ಚೌಕ 6 ಕಿ.ಮೀ. ವಿದೇಶಿ ಆ್ಯಪ್‌ಗಳ ಮೋಡದ ಚಿತ್ರಕ್ಕಿಂತ ಇಲಾಖೆಯ ‘ಮೌಸಮ್’, ರೈತರಿಗಾದರೆ ‘ಮೇಘದೂತ್’ ನೋಡುವುದು ವಾಸಿ.

ಪ್ರ: ಶಾಲೆಯಲ್ಲಿ ಮಕ್ಕಳಿಂದ ಮಳೆಮಾಪಕ ಮಾಡಿಸಬೇಕು. ಶಿರಸಿಯ ಒಂದು ಶಾಲೆಯ ಜೊತೆ ದಿನವೂ ಅಂಕಿ ಹಂಚಿಕೊಳ್ಳುವ ಯೋಜನೆ. ಬಾಟಲಿಗೆ ಸ್ಕೇಲ್ ಅಂಟಿಸಿದರೆ ಸಾಕಾ?
(ಶಿಕ್ಷಕಿ, ತಿ. ನರಸೀಪುರ)

ಉ: ಒಳ್ಳೆಯ ಯೋಜನೆ ಮೇಡಂ. ಸ್ಕೇಲ್ ಅಂಟಿಸುವ ವಿಧಾನ ಮಾತ್ರ ಬೇಡ. ಬಾಟಲಿಯ ತಳ ಉಬ್ಬುತಗ್ಗು, ಲಾಳಿಕೆಯ ಬಾಯಿ ಬಾಟಲಿಗಿಂತ ಅಗಲ, ಹಾಗಾಗಿ ಸ್ಕೇಲಿನ ಮಿಲಿಮೀಟರ್ ಮಳೆಯ ಮಿಲಿಮೀಟರ್ ಆಗುವುದಿಲ್ಲ. ನೀರನ್ನು ಅಳೆದು ಲೆಕ್ಕ ಹಾಕಿ.

ಬಾಯಿಯ ಒಳವ್ಯಾಸ 16 ಸೆಂ.ಮೀ. ಇರುವ ಆಳವಾದ ಲಾಳಿಕೆ ತನ್ನಿ. ಅದರ ಬಾಯಿಯ ವಿಸ್ತೀರ್ಣ 201 ಚದರ ಸೆಂ.ಮೀ., ಅಂದರೆ 20 ಮಿ.ಲೀ. ನೀರು ಕೂಡಿದರೆ 1 ಮಿ.ಮೀ. ಮಳೆ. ಔಷಧದಂಗಡಿಯಲ್ಲಿ ಸಿಗುವ 20 ಮಿ.ಲೀ. ಸಿರಿಂಜ್, ಸೂಜಿ ಇಲ್ಲದ್ದು, ನಿಮ್ಮ ಅಳತೆಗೋಲು. ಒಂದು ಸಿರಿಂಜ್ ಒಂದು ಮಿಲಿಮೀಟರ್, ಅರ್ಧ ಸಿರಿಂಜ್ ಅರ್ಧ. ಮಕ್ಕಳಿಗೆ ಭಾಗಾಕಾರವೂ ಬೇಕಿಲ್ಲ. ನಿಮ್ಮಲ್ಲಿ 2 ಲೀಟರ್ ಬಾಟಲಿ ಸಾಮಾನ್ಯವಾಗಿ ಸಾಕು, ಅದು 100 ಮಿ.ಮೀ. ಹಿಡಿಯುತ್ತದೆ. ಶಿರಸಿಯವರಿಗೆ 5 ಲೀಟರ್ ಕ್ಯಾನ್ ಬೇಕು. ಇಲ್ಲದಿದ್ದರೆ ಜುಲೈಯ ಒಂದು ರಾತ್ರಿಗೇ ತುಂಬಿ ಚೆಲ್ಲಿ ಅಂಕಿ ಹಾಳಾಗುತ್ತದೆ. ಅಲ್ಲಿ ದೊಡ್ಡ ಮಳೆ ಅಳೆಯಲು ಅರ್ಧ ಲೀಟರಿನ ಗೆರೆ ಹಾಕಿದ ಜಗ್ಗು ಇರಲಿ.

ಬಾಟಲಿಯನ್ನು ಮರಳು ತುಂಬಿದ ಬಕೆಟ್ಟಿನಲ್ಲಿ ಹೂತಿಡಿ. ಗಾಳಿಗೆ ಬೀಳದು, ನೀರು ಕಾಯ್ದು ಆರದು. ಲಾಳಿಕೆ ಮತ್ತು ಬಾಟಲಿಯ ಸಂದಿಗೆ ಟೇಪು ಸುತ್ತಿ. ಲಾಳಿಕೆಯ ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರಲಿ, ಗಾರೆಯವರ ರಸಮಟ್ಟ ಇಟ್ಟು ಸಮ ಮಾಡಿ. ಗೋಡೆಯೋ ಮರವೋ 3 ಮೀಟರ್ ಎತ್ತರವಿದ್ದರೆ ಅದರಿಂದ ಕನಿಷ್ಠ 6 ಮೀಟರ್ ದೂರ ಇಡಿ. ತಾರಸಿಯ ಮೇಲೆ ಇಡಬೇಡಿ, ಅಲ್ಲಿ ಗಾಳಿ ಹನಿಯನ್ನು ಬಾಯಿಯಾಚೆ ಹಾರಿಸಿ ಅಂಕಿ ಕಡಿಮೆ ಬರುತ್ತದೆ. ಸಿಮೆಂಟ್ ನೆಲದ ಮೇಲಿಟ್ಟರೆ ಹನಿ ಸಿಡಿದು ಒಳಗೆ ಬಿದ್ದು ಹೆಚ್ಚು ಬರುತ್ತದೆ. ಎಲೆ ತಡೆಯಲು ದಪ್ಪ ಕಣ್ಣಿನ ಜಾಲರಿ ಹಾಕಿ. ಬಟ್ಟೆ ಕಟ್ಟಿದರೆ ಹಗುರ ಮಳೆಯನ್ನೆಲ್ಲ ಬಟ್ಟೆಯೇ ಕುಡಿಯುತ್ತದೆ.

ಅಂಗಡಿಯವರು ಹೇಳಿದ ಅಳತೆ ನಂಬದೆ ಒಳವ್ಯಾಸವನ್ನು ನೀವೇ ಅಳೆಯಿರಿ. 15 ಸೆಂ.ಮೀ. ಲಾಳಿಕೆಯನ್ನು 16 ಎಂದುಕೊಂಡರೆ ಪ್ರತಿ ಮಳೆಯಲ್ಲೂ ನೂರಕ್ಕೆ 12ರಷ್ಟು ಕಡಿಮೆ ಬರೆಯುತ್ತೀರಿ. ಓದುವ ಹೊತ್ತು ಬೆಳಗ್ಗೆ 8.30, ಭಾನುವಾರವೂ. 16ನೇ ತಾರೀಖಿನ ಅಂಕಿ ಎಂದರೆ 15ರ ಬೆಳಗ್ಗೆಯಿಂದ 16ರ ಬೆಳಗ್ಗೆವರೆಗಿನ ಮಳೆ. ಎರಡು ಶಾಲೆಗಳ ಅಂಕಿ ಒಂದು ದಿನ ಹಿಂದುಮುಂದಾಗುವುದು ಇಲ್ಲೇ. ಮಳೆ ಬಾರದಿದ್ದರೆ 0 ಬರೆಯಿರಿ, ಖಾಲಿ ಬಿಡಬೇಡಿ. ಖಾಲಿ ಎಂದರೆ ಯಾರೂ ನೋಡಲಿಲ್ಲ ಅಂತ ಅರ್ಥ. ಕೊಡಗಿನ ಕಾಫಿ ತೋಟದವರು ‘ಎರಡು ಇಂಚು ಮೂವತ್ತು ಸೆಂಟು’ ಎಂದರೆ 2.3 ಇಂಚು. 25.4ರಿಂದ ಗುಣಿಸಿದರೆ 58 ಮಿ.ಮೀ.

ಪ್ರ: ಆರಿದ್ರ, ಪುಷ್ಯ, ಆಶ್ಲೇಷ ಅಂತ ಪಂಚಾಂಗದ ಮಳೆ ನೋಡಿ ಬಿತ್ತುವುದು ತಪ್ಪಾ?
(ಹಿರಿಯ ಓದುಗರು, ಕೆ.ಆರ್. ಪೇಟೆ)

ಉ: ತಪ್ಪಲ್ಲ ಸ್ವಾಮಿ, ಅದು ಮುನ್ಸೂಚನೆಯಲ್ಲ ಅಷ್ಟೆ. ಸೂರ್ಯ ಒಂದು ನಕ್ಷತ್ರದಲ್ಲಿರುವ 13–14 ದಿನವೇ ಒಂದು ಮಳೆ. ಆರಿದ್ರ ಜೂನ್ 22ರ ಸುಮಾರಿಗೆ, ಪುಷ್ಯ ಜುಲೈ 20ರ ಸುಮಾರಿಗೆ ಹುಟ್ಟುತ್ತದೆ, ಬರ ಬಂದ ವರ್ಷವೂ ಅದೇ ದಿನ. ಅದು ಬೇಸಾಯದ ಕ್ಯಾಲೆಂಡರ್. ಈ ತಾರೀಖುಗಳು ಸುಮಾರು 70 ವರ್ಷಕ್ಕೊಂದು ದಿನ ಮುಂದೆ ಸರಿಯುತ್ತವೆ. ಯಾವ ಪೈರು ಯಾವಾಗ ಅನ್ನುವುದಕ್ಕೆ ಪಂಚಾಂಗ ನೋಡಿ, ಈ ವಾರ ಬಿತ್ತನೆ ಇಳಿಸಬಹುದೇ ಅನ್ನುವುದಕ್ಕೆ ಜಿಲ್ಲೆಯ ಮುನ್ಸೂಚನೆ ನೋಡಿ. ನಮ್ಮ ಕಡೆ ನೆಲ ನೆನೆಯುವ ಮಳೆ ಮೇನಲ್ಲಿ, ಆಮೇಲೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ನಡುವಿನ ಪುಷ್ಯ, ಆಶ್ಲೇಷದ ಅಬ್ಬರವೆಲ್ಲ ಘಟ್ಟದ್ದು. ನಮಗೆ ಬರುವುದು ಅದರ ಗಾಳಿ, ಮೋಡ, ಜಿಟಿಜಿಟಿ.

ಪ್ರ: ಜನವರಿಯಲ್ಲಿ ಮೈಸೂರಿನಲ್ಲಿ ಸ್ವೆಟರ್ ಹಾಕಿಕೊಂಡಿದ್ದೆವು. ಅದೇ ದಿನ ಕಾರವಾರದಲ್ಲಿ 36 ಡಿಗ್ರಿ ಅಂತ ಬಂತು. ಸಮುದ್ರದ ಪಕ್ಕ ಹೇಗೆ ಸಾಧ್ಯ?
(ನಿವೃತ್ತ ಉದ್ಯೋಗಿ, ಕುವೆಂಪುನಗರ, ಮೈಸೂರು)

ಉ: ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ. ಸುಮಾರು 770 ಮೀಟರ್ ಎತ್ತರದ ಮೈಸೂರಿಗೆ ಅದು ತಂಪುಗಾಳಿ. ಅದೇ ಥರದ ಗಾಳಿ ಉತ್ತರ ಕನ್ನಡದಲ್ಲಿ ಘಟ್ಟದಿಂದ ಕಡಲಿಗೆ ಇಳಿಯುವಾಗ ಒತ್ತಡಕ್ಕೆ ಸಿಕ್ಕಿ ನೂರು ಮೀಟರಿಗೆ ಹತ್ತಿರ ಹತ್ತಿರ ಒಂದು ಡಿಗ್ರಿ ಬಿಸಿಯೇರುತ್ತದೆ. ಐನೂರು, ಆರುನೂರು ಮೀಟರ್ ಇಳಿದರೆ ಐದಾರು ಡಿಗ್ರಿ. ಜೊತೆಗೆ ಅದು ಕಡಲ ಗಾಳಿಯನ್ನು ಮಧ್ಯಾಹ್ನದವರೆಗೆ ದಡಕ್ಕೆ ಬರಲು ಬಿಡುವುದಿಲ್ಲ. ಕಡಲ ಗಾಳಿ ತಡವಾದಷ್ಟೂ ಅಂದಿನ ತಾಪ ಹೆಚ್ಚು. ಜನವರಿ, ಫೆಬ್ರುವರಿಯ ಕೆಲವು ದಿನ ದೇಶದಲ್ಲೇ ಹೆಚ್ಚಿನ ತಾಪ ಕಾರವಾರ, ಹೊನ್ನಾವರದಲ್ಲಿ ದಾಖಲಾಗುವುದು ಅದಕ್ಕೇ. ಬಿಸಿಗಾಳಿ ಎಂದು ಸಾರುವ ಅಳತೆಯೂ ಜಾಗಕ್ಕೆ ತಕ್ಕಂತೆ ಬೇರೆ: ಬಯಲಿಗೆ ಕನಿಷ್ಠ 40 ಡಿಗ್ರಿ, ಕರಾವಳಿಗೆ 37, ಗುಡ್ಡಗಾಡಿಗೆ 30, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು.

ಪ್ರ: ಕುರಿ ಮೇಯಿಸುವಾಗ ಗುಡುಗಿದರೆ ಹುಣಸೆ ಮರದಡಿ ನಿಲ್ಲುತ್ತೇವೆ. ಸಿಡಿಲು ಎಷ್ಟು ದೂರ ಅಂತ ತಿಳಿಯುವುದು ಹೇಗೆ?
(ಕುರಿಗಾಹಿ, ನಾಗಮಂಗಲ)

ಉ: ಮಿಂಚು ಕಂಡ ತಕ್ಷಣ ಎಣಿಸಿ. ಗುಡುಗು ಕೇಳುವಷ್ಟರಲ್ಲಿ ಎಷ್ಟು ಸೆಕೆಂಡ್ ಆಯಿತೋ ಅದನ್ನು ಮೂರರಿಂದ ಭಾಗಿಸಿದರೆ ಅಷ್ಟು ಕಿಲೋಮೀಟರ್. ಮೂವತ್ತರೊಳಗೆ ಗುಡುಗು ಬಂದರೆ ಹತ್ತು ಕಿ.ಮೀ. ಒಳಗಿದೆ, ಮುಂದಿನದು ನಿಮ್ಮ ಮೇಲೇ ಬೀಳಬಹುದು. ಜುಲೈಯ ಘಟ್ಟದ ಮಳೆಯಲ್ಲಿ ಸಿಡಿಲು ಕಡಿಮೆ, ನಮ್ಮ ಏಪ್ರಿಲ್–ಮೇ, ಸೆಪ್ಟೆಂಬರ್–ಅಕ್ಟೋಬರ್‌ನ ಸಂಜೆ ಮಳೆಯಲ್ಲಿ ಹೆಚ್ಚು. ‘ದಾಮಿನಿ’ ಆ್ಯಪ್ ಸುತ್ತಲಿನ 20ರಿಂದ 40 ಕಿ.ಮೀ. ದೂರದೊಳಗಿನ ಸಿಡಿಲನ್ನು ತೋರಿಸುತ್ತದೆ, ಹೊರಡುವಾಗ ಒಮ್ಮೆ ನೋಡಿ. ಒಂಟಿ ಮರದಡಿ, ತೆಂಗಿನ ಸಾಲಿನಡಿ, ತಂತಿಬೇಲಿಯ ಪಕ್ಕ ನಿಲ್ಲಬೇಡಿ. ಗಟ್ಟಿ ಕಟ್ಟಡ ಸಿಗದಿದ್ದರೆ ತಗ್ಗಿನಲ್ಲಿ ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂರಿ, ಮಲಗಬೇಡಿ. ಜೊತೆಯವರು ಒಬ್ಬರಿಗೊಬ್ಬರು ದೂರ ಇರಲಿ. ಕುರಿಗಳನ್ನು ಮರದಡಿ ಗುಂಪುಗೂಡಿಸದೆ ಬಯಲಿನ ತಗ್ಗಿಗೆ ಬಿಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾದ ಮೇಲೆ ಮಂದೆ ಎಬ್ಬಿಸಿ.